ಸೈಕಲ್ ಅಂಗಡಿ ಇದ್ಯಾ? ಫೋನಲ್ಲೇ ವಿಡಿಯೋ ಮಾಡಿ ಏರಿಯಾ ಜನಾನ ಕರೆಸೋದು ಹೀಗೆ

ಯಾವ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಬೇಕಾದ್ರೂ ಹೋಗಿ ನೋಡಿ, ಒಂದು ಮೂಲೇಲಿ ಧೂಳು ಹಿಡಿದು ನಿಂತಿರೋ ನಾಲ್ಕೈದು ಸೈಕಲ್ ಸಿಕ್ಕೇ ಸಿಗುತ್ತೆ. ಆಫೀಸಿಗೆ ಇದರಲ್ಲೇ ಹೋಗ್ತೀನಿ ಅಂತ ಆಸೆಯಿಂದ ತೊಗೊಂಡಿರ್ತಾರೆ, ಆಮೇಲೆ ಟೈರಲ್ಲಿ ಗಾಳಿ ಇಳಿಯುತ್ತೆ, ಸೀಟು ನೋಯುತ್ತೆ, ಚೈನು ಕಿರ್ ಅನ್ನುತ್ತೆ, ಯಾರನ್ನ ಕೇಳೋದು ಅಂತ ಗೊತ್ತಾಗದೆ ಅಲ್ಲೇ ಬಿಟ್ಟುಬಿಡ್ತಾರೆ. ನಿಮ್ಮದು ಸೈಕಲ್ ಅಂಗಡಿ ಆಗಿದ್ರೆ, ಇಲ್ಲಾ ಬರೀ ರಿಪೇರಿ ಶಾಪೇ ಆಗಿದ್ರೂ, ನೀವು ವಿಡಿಯೋ ಮಾಡಬೇಕಾಗಿರೋದು ಇವರಿಗೆ. ಊರಿಗೆಲ್ಲ ಮಾಡೋಕೆ ಹೋಗಬೇಡಿ. ಅಂಗಡಿಯಿಂದ ಮೂರ್ನಾಲ್ಕು ಕಿಲೋಮೀಟರ್ ಒಳಗೆ ಇರೋರು ನೋಡಿ ಬಂದ್ರೆ ಸಾಕು, ಲಕ್ಷ ವ್ಯೂಸ್ ಬಂದು ಒಬ್ಬರೂ ಅಂಗಡಿ ಮೆಟ್ಟಿಲು ಹತ್ತದಿದ್ರೆ ಏನು ಪ್ರಯೋಜನ ಹೇಳಿ.

ನಾನು ಮೈಸೂರಲ್ಲಿ ದಿನಾ ಸೈಕಲಲ್ಲೇ ಓಡಾಡೋನು, ಅದಕ್ಕೆ ಉದಾಹರಣೆ ಎಲ್ಲ ಇಲ್ಲಿಂದನೇ ಕೊಡ್ತೀನಿ. ನಿಮ್ಮ ಊರು ಹುಬ್ಬಳ್ಳಿ ಆಗಲಿ ಬೆಂಗಳೂರಾಗಲಿ, ಕೆಲಸ ಮಾಡೋ ರೀತಿ ಇದೇ.

1. ಮೊದಲು ಪ್ರಶ್ನೆ ಬರೆದಿಡಿ

ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇಡಿ. ಬಂದೋರು ಏನು ಕೇಳ್ತಾರೋ ಅವರ ಮಾತಲ್ಲೇ ಬರೀರಿ. "ಅಣ್ಣಾ, ಪೆಟ್ರೋಲ್ ಬಂಕಲ್ಲಿ ಗಾಳಿ ಹಿಡಿಸಬಹುದಾ?" "ಸರ್, ಮಳೇಲಿ ಚೈನಿಗೆ ಏನು ಹಾಕೋದು?" "ಲ್ಯಾಪ್‌ಟಾಪ್ ಬ್ಯಾಗು ಬೆನ್ನಿಗೆ ಹಾಕ್ಕೊಂಡ್ರೆ ಬೆವರಿ ಒದ್ದೆಯಾಗುತ್ತೆ, ಕ್ಯಾರಿಯರ್ ಹಾಕ್ಸಬಹುದಾ ಈ ಸೈಕಲ್‌ಗೆ?" ಒಂದು ಪ್ರಶ್ನೆಗೆ ಒಂದು ವಿಡಿಯೋ. ಆ ಪ್ರಶ್ನೆನೇ ಟೈಟಲ್ಲು, ಯಾಕಂದ್ರೆ ಜನ ಹುಡುಕೋದೂ ಹಾಗೇನೇ, ಈಗಂತೂ ಮೈಕ್ ಒತ್ತಿ ಮಾತಾಡೇ ಕೇಳ್ತಾರೆ.

ಗಾಳಿ ವಿಷಯನೇ ತೊಗೊಳ್ಳಿ, ಅದರಲ್ಲೇ ಎಷ್ಟು ಸರಕಿದೆ. ನಮ್ಮ ಹಳೇ ಕಪ್ಪು ಸೈಕಲ್‌ಗಳ ವಾಲ್ವ್ ಒಂದು ತರ, ಒಳಗೆ ಸಣ್ಣ ರಬ್ಬರ್ ಟ್ಯೂಬ್ ಇರುತ್ತಲ್ಲ ಅದು. ಈಗಿನ ಗೇರ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಬೈಕ್ ಟೈರಿನ ತರದ ಶ್ರೇಡರ್ ವಾಲ್ವ್. ತೆಳ್ಳಗಿನ ರೋಡ್ ಸೈಕಲ್‌ಗಳಲ್ಲಿ ಪ್ರೆಸ್ಟಾ, ತುದಿಯ ಸಣ್ಣ ನಟ್ ಸಡಿಲ ಮಾಡದೆ ಗಾಳಿ ಒಳಗೆ ಹೋಗಲ್ಲ. ಬಂಕಿನ ಪೈಪು ನೇರವಾಗಿ ಕೂರೋದು ಶ್ರೇಡರ್‌ಗೆ ಮಾತ್ರ, ಅಲ್ಲೂ ಒಂದೇ ಸಲ ಬಿಟ್ರೆ ಸೈಕಲ್ ಟ್ಯೂಬು ಒಡೆಯೋ ಚಾನ್ಸ್ ಇದೆ. ಎಷ್ಟು ಗಾಳಿ ಬೇಕು ಅಂತ ಟೈರಿನ ಪಕ್ಕದಲ್ಲೇ ಉಬ್ಬಿದ ಅಕ್ಷರದಲ್ಲಿ ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಅಂತ ಬರೆದಿರುತ್ತೆ, ಅದನ್ನ ಬೆರಳಿಟ್ಟು ತೋರಿಸಿ. ಸೈಕಲ್ ಇರೋರಲ್ಲಿ ತುಂಬ ಜನ ಅದನ್ನ ಕಣ್ಣಲ್ಲೇ ನೋಡಿರಲ್ಲ. ಒಂದು ನಿಮಿಷದ ವಿಡಿಯೋಗೆ ಇಷ್ಟು ಧಾರಾಳ.

2. ಶೂಟಿಂಗ್‌ಗೆ ಇರೋ ಫೋನೇ ಸಾಕು

ಕ್ಯಾಮೆರಾ ಕೊಳ್ಳೋಕೆ ಹೋಗಬೇಡಿ. ಮೊದಲು ಫೋನಿನ ಲೆನ್ಸ್ ಒರೆಸಿ, ಗ್ರೀಸ್ ಕೈ ಮುಟ್ಟಿ ಮುಟ್ಟಿ ಅದು ಮಬ್ಬಾಗಿರುತ್ತೆ. ಫೋನ್ ಉದ್ದಕ್ಕೆ ನಿಲ್ಲಿಸಿ, ಅಂದ್ರೆ 9:16. ಒಂದು ಸಣ್ಣ ಟ್ರೈಪಾಡ್ ಬೇಕು. ದುಡ್ಡು ಹಾಕೋದಾದ್ರೆ ಕಾಲರ್ ಮೈಕ್‌ಗೆ ಹಾಕಿ, ರಸ್ತೆ ಪಕ್ಕದ ಅಂಗಡೀಲಿ ಬಸ್ ಹಾರ್ನ್ ಮಧ್ಯೆ ನೀವು ಹೇಳಿದ್ದು ಕೇಳಿಸದಿದ್ರೆ ಎಷ್ಟು ಚೆನ್ನಾಗಿ ತೆಗೆದ್ರೂ ಜನ ಮುಂದಕ್ಕೆ ತಳ್ಳಿಬಿಡ್ತಾರೆ.

ಬೆಳಕು ಇನ್ನೊಂದು. ಮೆಕ್ಯಾನಿಕ್ ಮುಖ ಬಾಗಿಲ ಕಡೆ ಇರಲಿ, ಬಾಗಿಲು ಅವರ ಬೆನ್ನ ಹಿಂದೆ ಇದ್ರೆ ಮುಖ ಪೂರ್ತಿ ಕಪ್ಪಾಗುತ್ತೆ. ಬೆಳಗ್ಗೆ ಶಟರ್ ಎತ್ತಿದ ಮೇಲೆ ಗಿರಾಕಿ ಬರೋಕೆ ಮುಂಚೆ ಇರುತ್ತಲ್ಲ ಆ ಹೊತ್ತು, ಬೆಳಕೂ ಚೆನ್ನಾಗಿರುತ್ತೆ ಗಲಾಟೆನೂ ಕಮ್ಮಿ.

ಈಗ ಪಂಕ್ಚರ್ ವಿಡಿಯೋ ಒಂದನ್ನ ಪೂರ್ತಿ ನೋಡೋಣ, ಇದು ಸರಿಯಾಗಿ ಬಂದ್ರೆ ಮಿಕ್ಕಿದ್ದೆಲ್ಲ ಬರುತ್ತೆ. "ನಮಸ್ಕಾರ, ನಮ್ಮ ಚಾನಲ್‌ಗೆ ಸ್ವಾಗತ" ಅಂತ ಶುರು ಮಾಡಬೇಡಿ. ಮೊದಲ ಶಾಟು ಬಕೆಟ್ ನೀರಲ್ಲಿ ಟ್ಯೂಬ್ ಮುಳುಗಿಸಿದಾಗ ಗುಳುಗುಳು ಅಂತ ಗುಳ್ಳೆ ಬರೋದು, ತೀರಾ ಹತ್ತಿರದಿಂದ. ಮೇಲೆ ದೊಡ್ಡ ಅಕ್ಷರದಲ್ಲಿ "ಪಂಕ್ಚರ್ ಮನೇಲೇ ಹಾಕ್ಕೊಳ್ಳಿ". ಆಮೇಲೆ ಹಿಂದಕ್ಕೆ ಹೋಗಿ, ಚಕ್ರ ಬಿಚ್ಚೋದು, ಟೈರ್ ಲಿವರ್ ಹಾಕಿ ಎಬ್ಬಿಸೋದು, ಟ್ಯೂಬ್ ಎಳೆಯೋದು, ತೂತಿನ ಸುತ್ತ ಉಜ್ಜು ಕಾಗದದಲ್ಲಿ ಉಜ್ಜೋದು, ಸೊಲ್ಯೂಷನ್, ಅಂದ್ರೆ ಪ್ಯಾಚ್ ಅಂಟಿಸೋ ಗಮ್ಮು, ತೆಳ್ಳಗೆ ಸವರೋದು. ಇಲ್ಲಿ ನಿಧಾನ ಮಾಡಿ. ಸೊಲ್ಯೂಷನ್ ಹಚ್ಚಿದ ತಕ್ಷಣ ಪ್ಯಾಚ್ ಅಂಟಿಸಬಾರದು, ಸ್ವಲ್ಪ ಒಣಗಿ ಮುಟ್ಟಿದ್ರೆ ಅಂಟಂಟು ಅನ್ನಿಸಿದಾಗ ಅಂಟಿಸಬೇಕು, ಮನೇಲಿ ಮಾಡೋರ ಪ್ಯಾಚ್ ಕಿತ್ತು ಬರೋದು ಇಲ್ಲೇ, ಅದನ್ನ ಬಾಯಲ್ಲಿ ಹೇಳೋದರ ಜೊತೆಗೆ ಬೆರಳಲ್ಲಿ ಮುಟ್ಟಿ ತೋರಿಸಿ. ಟ್ಯೂಬ್ ವಾಪಸ್ ಹಾಕೋ ಮುಂಚೆ ಟೈರ್ ಒಳಗೆ ಬಟ್ಟೆ ಆಡಿಸಿ, ಮುಳ್ಳೋ ಗಾಜೋ ಅಲ್ಲೇ ಇದ್ರೆ ಬಟ್ಟೆ ಸಿಕ್ಕಿಹಾಕ್ಕೊಳ್ಳುತ್ತೆ, ಅದನ್ನ ತೆಗೆಯದಿದ್ರೆ ನಾಳೆ ಮತ್ತೆ ಪಂಕ್ಚರ್. ಅಕ್ಕಪಕ್ಕ ಎರಡು ತೂತು ಕಂಡ್ರೆ ಅದು ಮುಳ್ಳಿನ ಕೆಲಸ ಅಲ್ಲ, ಗಾಳಿ ಕಮ್ಮಿ ಇಟ್ಕೊಂಡು ಹಳ್ಳಕ್ಕೆ ಇಳಿಸಿದ್ದಕ್ಕೆ ರಿಮ್ ಕಚ್ಚಿರೋದು, ಇದನ್ನೂ ಹೇಳಿ.

"ಎಲ್ಲ ಹೇಳಿಕೊಟ್ರೆ ನಮ್ಮ ಹತ್ರ ಯಾರು ಬರ್ತಾರೆ" ಅಂತ ತುಂಬ ಜನ ಕೇಳ್ತಾರೆ. ಬರ್ತಾರೆ ಸ್ವಾಮಿ. ಪಂಕ್ಚರ್ ತಾವೇ ಹಾಕ್ಕೊಳ್ಳೋದು ಗೊತ್ತಾದ್ರೆ ಅವರು ದಿನಾ ಸೈಕಲ್ ತುಳೀತಾರೆ, ದಿನಾ ತುಳಿಯೋರಿಗೆ ಬ್ರೇಕ್ ರಬ್ಬರ್ ಸವೆಯುತ್ತೆ, ಚೈನು ಎಳೆಯುತ್ತೆ, ರಿಮ್ ಬೆಂಡ್ ಆಗುತ್ತೆ, ಕಡ್ಡಿ ಟೈಟ್ ಮಾಡಿಸಬೇಕಾಗುತ್ತೆ, ಲೈಟು ಲಾಕು ಮಡ್‌ಗಾರ್ಡು ಬೇಕಾಗುತ್ತೆ. ಬೇಸ್‌ಮೆಂಟಲ್ಲಿ ನಿಂತ ಸೈಕಲ್‌ಗೆ ಇದ್ಯಾವುದೂ ಬೇಡ.

3. ರೂಟ್ ವಿಡಿಯೋ

ಈ ತರ ವಿಡಿಯೋನ ಅಂಗಡಿಯೋರು ಮಾಡೋದೇ ಇಲ್ಲ, ನನಗೆ ಅತಿ ಮುಖ್ಯ ಅನ್ನಿಸೋದು ಇದೇ. ಜನಕ್ಕೆ ಸೈಕಲ್ ಹೊಡೆಯೋಕೆ ಬರುತ್ತೆ, ಭಯ ಇರೋದು ಟ್ರಾಫಿಕ್‌ದು. ಬೆಂಗಳೂರಲ್ಲಿ 2020ರಲ್ಲಿ ಹೊರ ವರ್ತುಲ ರಸ್ತೇಲಿ ಪಾಪ್-ಅಪ್ ಸೈಕಲ್ ಲೇನ್, ಅಂದ್ರೆ ಸೈಕಲ್‌ಗೆ ಅಂತ ತಾತ್ಕಾಲಿಕ ಪಟ್ಟಿ, ಮಾಡಿದ್ರು, ಮೈಸೂರಲ್ಲಿ 2017ರಲ್ಲೇ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾಯ್ತು, ಆದ್ರೂ ಮನೆಯಿಂದ ಆಫೀಸಿಗೆ ಯಾವ ದಾರೀಲಿ ಹೋದ್ರೆ ನೆಮ್ಮದಿ ಅಂತ ಹೇಳೋರು ಬೇಕಲ್ಲ. ಗೂಗಲ್ ಮ್ಯಾಪ್ ತೋರಿಸೋದು ಹೆಚ್ಚಾಗಿ ಮೇನ್ ರೋಡು. ಒಳರಸ್ತೆ ಗೊತ್ತಿರೋದು ನಿಮಗೆ.

ಉದಾಹರಣೆಗೆ ಕುವೆಂಪುನಗರದಿಂದ ಮೈಸೂರು ಯೂನಿವರ್ಸಿಟಿ ಕ್ಯಾಂಪಸ್ ಮಾನಸಗಂಗೋತ್ರಿಗೆ ಹೋಗೋ ಸ್ಟೂಡೆಂಟ್‌ಗೆ ಅಂತ ಒಂದು ಮಾಡಿ. ಯಾವ ಕ್ರಾಸಲ್ಲಿ ಒಳಗೆ ತಿರುಗೋದು, ಎಲ್ಲಿ ಮೇನ್ ರೋಡ್ ದಾಟೋವಾಗ ಇಳಿದು ತಳ್ಳಿಕೊಂಡೇ ಹೋಗೋದು ವಾಸಿ, ಕುಕ್ಕರಹಳ್ಳಿ ಕೆರೆ ಕಡೆ ಬಂದಾಗ ಎಷ್ಟು ಹಾಯಾಗಿರುತ್ತೆ, ಏರು ಬರೋಕೆ ಮುಂಚೆನೇ ಗೇರ್ ಇಳಿಸಬೇಕು ಅನ್ನೋದು, ಎಲ್ಲ. ರಸ್ತೆ ಕೆಟ್ಟಿದ್ರೆ ಕೆಟ್ಟಿದೆ ಅಂತನೇ ತೋರಿಸಿ, ಚೆನ್ನಾಗಿರೋ ಕಡೆ ಮಾತ್ರ ಕಟ್ ಮಾಡಿ ಹಾಕಿದ್ರೆ ನಂಬಿ ಹೋದೋರಿಗೆ ತೊಂದರೆ. ಬೆಂಗಳೂರಿನೋರು ಮೆಟ್ರೋ ಸ್ಟೇಷನ್‌ವರೆಗಿನ ರೂಟ್ ಮಾಡಬಹುದು, ಮಡಚೋ ಸೈಕಲ್‌ನ 2022ರಿಂದ ನಮ್ಮ ಮೆಟ್ರೋ ಒಳಗೂ ಬಿಡ್ತಾರೆ.

ಸೈಕಲ್ ಹೊಡೀತಾ ಕೈಯಲ್ಲಿ ಫೋನ್ ಹಿಡಿದು ಶೂಟ್ ಮಾಡಲೇಬೇಡಿ, ಬೇರೆಯೋರಿಗೂ ಹಾಗೆ ಮಾಡಿಸಬೇಡಿ. ಎದೆಗೆ ಕಟ್ಟೋ ಪಟ್ಟಿ ಸಿಗುತ್ತೆ, ಹ್ಯಾಂಡಲ್‌ಗೆ ಹಾಕೋದಕ್ಕಿಂತ ಅದರಲ್ಲಿ ಅಲುಗಾಟ ಕಮ್ಮಿ. ಓಡಿಸ್ತಾ ಮಾತಾಡೋದೂ ಬೇಡ, ಅಂಗಡಿಗೆ ಬಂದು ಕೂತು ವಾಯ್ಸ್ ಹಾಕಿ. ಹೆಲ್ಮೆಟ್ ಇರಲಿ, ಸಂಜೆ ಆದ್ರೆ ಮುಂದೆ ಬಿಳಿ ಹಿಂದೆ ಕೆಂಪು ಲೈಟ್ ಇರಲಿ, ಮತ್ತೆ ಸಿಗ್ನಲ್ ಜಂಪ್ ಮಾಡಿರೋ ಶಾಟ್ ಒಂದೂ ಇರಬಾರದು. ಮಕ್ಕಳ ಮುಖ, ಗಾಡಿ ನಂಬರ್ ಕಂಡ್ರೆ ಮಸುಕು ಮಾಡಿ, ಗಿರಾಕಿ ಬಂದ್ರೆ ಕೇಳಿ ಆಮೇಲೆ ಹಾಕಿ.

4. ಎಡಿಟಿಂಗ್

ಫೋನಿನ ಫ್ರೀ ಆ್ಯಪ್ ಸಾಕು. ಸುಮ್ಮನೆ ನಿಂತಿರೋದು, "ಆಂ... ಅದೂ..." ಅನ್ನೋದು ಎಲ್ಲ ತೆಗೀರಿ. ಬಸ್ಸಲ್ಲಿ, ಆಫೀಸಲ್ಲಿ ಸೌಂಡ್ ಇಲ್ಲದೆ ನೋಡೋರು ಜಾಸ್ತಿ, ಹಾಗಾಗಿ ಕನ್ನಡದಲ್ಲೇ ದಪ್ಪ ಅಕ್ಷರ ಹಾಕಿ, ಆದ್ರೆ ತೀರಾ ಕೆಳಗೂ ಬಲಗಡೆ ಅಂಚಲ್ಲೂ ಬೇಡ, ಅಲ್ಲಿ ಲೈಕ್ ಶೇರ್ ಬಟನ್‌ಗಳು ಮುಚ್ಚಿಬಿಡ್ತವೆ. ಸಿನಿಮಾ ಹಾಡು ಹಾಕೋ ಆಸೆ ಬಿಡಿ, ಅದು ಬೇರೆಯೋರ ಹಕ್ಕು, ಬಿಸಿನೆಸ್‌ಗೆ ಬಳಸಿದ್ರೆ ವಿಡಿಯೋ ಮ್ಯೂಟ್ ಆಗಬಹುದು ಇಲ್ಲಾ ತೆಗೆದೇ ಹಾಕಬಹುದು. ಯೂಟ್ಯೂಬ್ ಸ್ಟುಡಿಯೋದಲ್ಲಿ ಫ್ರೀ ಆಡಿಯೋ ಲೈಬ್ರರಿ ಇದೆ. ನಿಜ ಹೇಳಬೇಕಂದ್ರೆ ಹಿಂದಿನ ಚಕ್ರದ ಫ್ರೀವೀಲ್ ಟಿಕಟಿಕ ಸದ್ದು ಇದ್ರೆ ಮ್ಯೂಸಿಕ್ಕೇ ಬೇಡ.

5. ಎಲ್ಲಿ ಹಾಕೋದು

ಒಂದೇ ವಿಡಿಯೋನ ಮೂರು ಕಡೆ ಹಾಕಿ, ನಾಲ್ಕನೇ ಕಡೆಗೆ ಚಿಕ್ಕದೊಂದು ಬೇರೆ ಮಾಡಿ. ಯೂಟ್ಯೂಬ್ ಶಾರ್ಟ್ಸ್ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೂ ಆಗುತ್ತೆ, ಹುಡುಕಿಕೊಂಡು ಬರೋರಿಗೆ ವರ್ಷ ಕಳೆದ ಮೇಲೂ ಸಿಗೋದು ಇಲ್ಲೇ. ಇನ್‌ಸ್ಟಾಗ್ರಾಮ್ ರೀಲ್ಸ್ ಕಾಲೇಜು ಹುಡುಗ ಹುಡುಗಿಯರಿಗೆ. ವಾಟ್ಸಾಪ್ ಸ್ಟೇಟಸ್ 24 ಗಂಟೇಲಿ ಹೋಗಿಬಿಡುತ್ತೆ, ಆದ್ರೆ ನಿಮ್ಮ ನಂಬರ್ ಸೇವ್ ಮಾಡ್ಕೊಂಡಿರೋ ಹಳೇ ಗಿರಾಕಿ ನೋಡೋದು ಅದನ್ನೇ. ನಾಲ್ಕನೇದನ್ನ ಮರೀಬೇಡಿ, ಗೂಗಲ್ ಮ್ಯಾಪಲ್ಲಿ ನಿಮ್ಮ ಅಂಗಡಿ ಪ್ರೊಫೈಲ್. ಅಲ್ಲಿ 30 ಸೆಕೆಂಡ್‌ವರೆಗಿನ ವಿಡಿಯೋ ಮಾತ್ರ ಹಾಕಬಹುದು, "ಹತ್ತಿರದ ಸೈಕಲ್ ರಿಪೇರಿ" ಅಂತ ಹುಡುಕೋನು ಸೈಕಲ್ ತಳ್ಳಿಕೊಂಡು ರಸ್ತೇಲೇ ನಿಂತಿರ್ತಾನೆ, ಅವನಿಗೆ ಬೋರ್ಡು, ಎದುರಿಗೆ ಏನಿದೆ, ಎಲ್ಲಿ ತಿರುಗಬೇಕು ಅಂತ ತೋರಿಸಿದ್ರೆ ಆಯ್ತು.

ಟೈಟಲಲ್ಲಿ ಏರಿಯಾ ಹೆಸರು ಇರಲಿ: "ಸೈಕಲ್ ಪಂಕ್ಚರ್ ಹಾಕೋದು ಹೇಗೆ, ಸರಸ್ವತಿಪುರಂ ಮೈಸೂರು". ಕೆಳಗೆ ಅದನ್ನೇ ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡಿ, ಎಷ್ಟೋ ಜನ ಹಾಗೇ ಹುಡುಕೋದು. ಫೋನ್ ನಂಬರು, ಅಂಗಡಿ ಟೈಮು, ರಜೆ ದಿನ, ಮ್ಯಾಪ್ ಲಿಂಕು.

6. ಹಾಕಿದ ಮೇಲೆ

ಯೂಟ್ಯೂಬ್ ಸ್ಟುಡಿಯೋದಲ್ಲಿ ಒಂದು ಗ್ರಾಫ್ ಇರುತ್ತೆ, ಜನ ಎಲ್ಲಿ ನೋಡೋದು ಬಿಟ್ರು ಅಂತ. ಐದನೇ ಸೆಕೆಂಡಿಗೇ ಇಳಿದುಹೋಗಿದ್ರೆ ನೀವು ಪೀಠಿಕೆ ಹಾಕಿದ್ದೀರಿ ಅಂತ ಅರ್ಥ, ಮುಂದಿನದರಲ್ಲಿ ಕೆಲಸದಿಂದನೇ ಶುರು ಮಾಡಿ. ಹೊಸಬರು ಬಂದಾಗೆಲ್ಲ "ಎಲ್ಲಿ ನೋಡಿ ಬಂದ್ರಿ?" ಅಂತ ಕೇಳಿ ಅದೇ ನೋಟ್‌ಬುಕ್ಕಲ್ಲಿ ಬರೀರಿ, ವ್ಯೂಸ್‌ಗಿಂತ ಆ ಲೆಕ್ಕ ನಂಬಿ. ದುಡ್ಡು ಕೊಟ್ಟು ಬೂಸ್ಟ್ ಮಾಡೋದಾದ್ರೆ, ತಾನಾಗೇ ಚೆನ್ನಾಗಿ ಓಡಿರೋ ವಿಡಿಯೋಗೆ ಮಾತ್ರ, ಅದೂ ಅಂಗಡಿ ಸುತ್ತ ಕೆಲವೇ ಕಿಲೋಮೀಟರ್‌ಗೆ ಸೆಟ್ ಮಾಡಿ.

ಕಾಮೆಂಟಲ್ಲಿ ಕೇಳಿದ್ದಕ್ಕೆ ಅವತ್ತೇ ಉತ್ತರ ಕೊಡಿ, "ಅಂಗಡಿಗೆ ಬನ್ನಿ" ಅಂತ ಬಿಡಬೇಡಿ. "ಸೀಟ್ ಎತ್ತರ ಎಷ್ಟಿರಬೇಕು ಅಣ್ಣ" ಅಂದ್ರೆ, ಸೀಟ್ ಮೇಲೆ ಕೂತು ಹಿಮ್ಮಡಿ ಪೆಡಲ್ ಮೇಲಿಟ್ಟು ಪೆಡಲ್ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು, ಮುಂಗಾಲಲ್ಲಿ ತುಳಿಯುವಾಗ ಮಂಡಿ ಸ್ವಲ್ಪ ಬಾಗಿರುತ್ತೆ ಅಂತ ಹೇಳಿ. ಸರ್ವಿಸ್ ರೇಟನ್ನ ವಿಡಿಯೋ ಒಳಗೆ ಹೇಳಬೇಡಿ, ಡಿಸ್ಕ್ರಿಪ್ಷನ್‌ನಲ್ಲಿ ತಾರೀಖು ಸಮೇತ ಬರೀರಿ, ರೇಟು ಏರಿದಾಗ ಆ ಒಂದು ಸಾಲು ತಿದ್ದಿದ್ರೆ ಮುಗೀತು, ವಿಡಿಯೋ ಹಾಗೇ ಓಡ್ತಿರಲಿ.