ಹಾರ್ಡ್‌ವಿಕ್ ಹಾಲ್‌ನ ಕಿಟಕಿ ಎಣಿಸಿದ್ದು

ಡರ್ಬಿಶೈರಿನ ಹಾರ್ಡ್‌ವಿಕ್ ಹಾಲ್ ಎಂಬ ಹಳೆಯ ದೊಡ್ಡ ಮನೆಯ ಮುಂಭಾಗದ ಚಿತ್ರ ಬರೆಯಲು ಮೊದಲ ದಿನ ಪಶ್ಚಿಮದ ಅಂಗಳದ ಹುಲ್ಲಿನ ಮೇಲೆ ಕೂತೆ, ಮಡಿಲಲ್ಲಿ ಡ್ರಾಯಿಂಗ್ ಬೋರ್ಡು. ಕಟ್ಟಡ ಸಂರಕ್ಷಣೆ ಓದಲು ಇಂಗ್ಲೆಂಡಿಗೆ ಹೋಗಿದ್ದ ವರ್ಷ. ನಾನು ತೊಟ್ಟಿಮನೆಯಲ್ಲಿ ಬೆಳೆದವಳು. ನಮ್ಮಲ್ಲಿ ಬೆಳಕು ನಡುವಿನ ತೊಟ್ಟಿಯಿಂದ ಇಳಿಯುತ್ತಿತ್ತು, ಬೀದಿ ಕಡೆ ಗೋಡೆಗೆ ಒಂದೆರಡು ಸಣ್ಣ ಕಿಟಕಿ ಅಷ್ಟೇ. ಇಲ್ಲಿ ಮನೆ ಪೂರ್ತಿ ಹೊರಗೇ ಮುಖ ಮಾಡಿತ್ತು. ಗೋಡೆಗಿಂತ ಗಾಜೇ ಹೆಚ್ಚು ಅಂತ ಅಲ್ಲಿನವರು ಪ್ರಾಸ ಕಟ್ಟಿ ಹೇಳುವುದು ಸುಮ್ಮನೆ ಅಲ್ಲ.

ಕಟ್ಟಿಸಿದಾಕೆ ಬೆಸ್ ಆಫ್ ಹಾರ್ಡ್‌ವಿಕ್, ಶ್ರೂಸ್‌ಬರಿಯ ಕೌಂಟೆಸ್. 1590ರಲ್ಲಿ ಕೆಲಸ ಶುರುವಾಗಿ, 1597ರಲ್ಲಿ ಆಕೆ ವಾಸಕ್ಕೆ ಬಂದಳು. ವಿನ್ಯಾಸ ರಾಬರ್ಟ್ ಸ್ಮಿತ್‌ಸನ್‌ನದು ಎನ್ನುತ್ತಾರೆ. ಆರು ಗೋಪುರಗಳ ನೆತ್ತಿಯಲ್ಲಿ ತನ್ನ ಹೆಸರಿನ (ಎಲಿಜಬೆತ್ ಶ್ರೂಸ್‌ಬರಿ) ಇ, ಎಸ್ ಅಕ್ಷರಗಳನ್ನು ಕಲ್ಲಲ್ಲಿ ಕೊರೆಸಿ, ಮೇಲೆ ಕಿರೀಟ ಇಡಿಸಿದ್ದಾಳೆ. ಅಕ್ಷರಗಳ ಸಂದಿಯಲ್ಲಿ ಆಕಾಶ ಕಾಣುತ್ತದೆ.

ಕಿಟಕಿಗಳನ್ನು ಓದಿದರೆ ಮನೆ ಅರ್ಥವಾಗುತ್ತದೆ ಅಂದುಕೊಂಡಿದ್ದೆ. ಕೆಳಗೆ ಗಿಡ್ಡ ಕಿಟಕಿ, ಅಲ್ಲಿ ಆಳುಕಾಳುಗಳ ಕೆಲಸ. ನಡುವೆ ಇನ್ನೂ ಎತ್ತರ, ಅದು ಮನೆಯವರ ವಾಸ. ತುದಿಯಲ್ಲಿ ಎಲ್ಲಕ್ಕಿಂತ ಎತ್ತರ, ಅತಿಥಿಗಳನ್ನು ಬರಮಾಡಿಕೊಳ್ಳುವ ದೊಡ್ಡ ಕೋಣೆಗಳು. ಮರ್ಯಾದೆ ಮೇಲೇರಿದಂತೆ ಗಾಜೂ ಬೆಳೆದಿದೆ. ಗಾಜು ತುಟ್ಟಿಯಾಗಿದ್ದ ಕಾಲ ಅದು. ಸೀಸದ ಪಟ್ಟಿಗಳ ನಡುವೆ ಕೂರಿಸಿದ ಸಣ್ಣ ಸಣ್ಣ ಹೋಳುಗಳೇ ಕೂಡಿ ಒಂದು ಕಿಟಕಿ. ಗೋಡೆಗೆ ಎರಡು ಮೀಟರಿನ ಕೋಲು ಆನಿಸಿ ಫೋಟೋ ತೆಗೆದು, ಅದೇ ಅಳತೆಯಲ್ಲಿ ಒಂದೊಂದೇ ಕಿಟಕಿ ಇಳಿಸಿದೆ. ಎರಡು ದಿನದಲ್ಲಿ ಹಾಳೆ ತುಂಬಿತು, ಖುಷಿಯೂ ಆಯಿತು.

ಮೂರನೇ ದಿನ ಒಳಗೆ ಹೋಗಿ ಎಣಿಸಿದಾಗ ಲೆಕ್ಕ ತಪ್ಪಿತು. ಹೊರಗೆ ಬರೆದ ಕಿಟಕಿಗೆ ಒಳಗೆ ಕಿಟಕಿಯೇ ಇಲ್ಲ. ಮತ್ತೆ ಎಣಿಸಿದೆ, ಅದೇ ಉತ್ತರ. ಆಮೇಲೆ ಗೊತ್ತಾಯಿತು, ಕೆಲವು ಕಿಟಕಿಗಳು ಸುಳ್ಳು ಕಿಟಕಿಗಳು. ಗಾಜಿನ ಹಿಂದೆ ಇರುವುದು ಗೋಡೆ. ಎರಡೂ ಬದಿ ಸಮ ಕಾಣಲೆಂದು ಅವನ್ನು ಕೂರಿಸಿದ್ದಾರೆ. ಇಷ್ಟೊಂದು ಗಾಜನ್ನು ಹೊರಗೋಡೆ ಹೇಗೆ ತಡೆಯಿತು ಎಂಬುದಕ್ಕೂ ಉತ್ತರ ಒಳಗೇ ಇತ್ತು. ಹೊಗೆಗೂಡುಗಳನ್ನು ಹೆಚ್ಚಾಗಿ ಒಳಗಿನ ದಪ್ಪ ಗೋಡೆಗಳಲ್ಲಿ ಏರಿಸಿದ್ದರಿಂದ ಹೊರಗೋಡೆಯಲ್ಲಿ ಕಿಟಕಿಗಳಿಗೆ ಜಾಗ ಸಿಕ್ಕಿದೆ. ನನಗೆ ಇದೇ ಈ ಮನೆಯ ಅತಿ ಜಾಣ ಕೆಲಸ. ನಾನು ಮುಖದಿಂದ ಶುರು ಮಾಡಿದ್ದೇ ತಪ್ಪು. ಹೊಸ ಹಾಳೆಯಲ್ಲಿ ಮೊದಲು ಮನೆಯ ಅಡ್ಡಸೀಳು, ಒಲೆ, ಹೊಗೆಯ ದಾರಿ ಬರೆದೆ, ಮುಂಭಾಗ ಕೊನೆಗೆ. ಸುಳ್ಳು ಕಿಟಕಿಗಳಿಗೆ ಪೆನ್ಸಿಲಿನಲ್ಲಿ ಓರೆಗೆರೆ ಎಳೆದೆ.

ಕೆಲಸ ಮುಗಿದ ಸಂಜೆ ತುದಿ ಮಹಡಿಯ ಉದ್ದನೆಯ ಗ್ಯಾಲರಿಯಲ್ಲಿ ಒಬ್ಬಳೇ ನಡೆದೆ. ಸುಮಾರು ಐವತ್ತು ಮೀಟರ್ ಉದ್ದ, ಗೋಡೆಗೆ ಬೈಬಲಿನ ಗಿಡಿಯೋನನ ಕಥೆ ಹೆಣೆದ ಹಳೆಯ ಟ್ಯಾಪೆಸ್ಟ್ರಿಗಳು, ಚಿತ್ರ ನೇಯ್ದ ತೂಗುಬಟ್ಟೆಗಳು. ಅವುಗಳ ಬಣ್ಣ ಮಾಸಬಾರದೆಂದು ಆ ದೊಡ್ಡ ಕಿಟಕಿಗಳಿಗೆಲ್ಲ ಪರದೆ ಇಳಿಬಿಟ್ಟಿದ್ದರು. ಬೆಸ್ ಅಷ್ಟು ದುಡ್ಡು ಸುರಿದು ತರಿಸಿಕೊಂಡ ಬೆಳಕು, ಪರದೆಯ ಅಂಚಿನಲ್ಲಿ ಬೆರಳಗಲ ಮಾತ್ರ ನೆಲಕ್ಕೆ ಬಿದ್ದಿತ್ತು.