ವಿದೇಶಿ ನೆರವಿನ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ: ಸಹಿಗಿಂತ ಮೊದಲು ನಾನು ನೋಡುವುದೇನು

ವಿಜಯಪುರದಲ್ಲಿ ಕಚೇರಿ ಇರುವ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿ-ತಾಂಡಾಗಳಲ್ಲಿ ಕೆಲಸ ಮಾಡುವ ಸಂಸ್ಥೆಯೊಂದರ ಆಡಳಿತ ಮಂಡಳಿಯಲ್ಲಿ ನಾನು ಪಗಾರವಿಲ್ಲದ ಸದಸ್ಯ. ಕೃಷಿ ಹೊಂಡ, ಬದು, ಮಹಿಳಾ ಸಂಘಗಳ ತರಬೇತಿ ಇವು ಕೆಲಸ. ಹಣ ಹೆಚ್ಚಿನದು ಯುರೋದಲ್ಲಿ ಬರುತ್ತದೆ. ಗೌರವ ಸದಸ್ಯತ್ವ ಅಂದರೆ ವರ್ಷಕ್ಕೆ ನಾಲ್ಕು ಸಲ ಚಹಾ ಕುಡಿದು ಸಹಿ ಮಾಡಿ ಬರುವುದು ಎಂದು ತಿಳಿದವರು ಬಹಳ ಮಂದಿ. ಕಾನೂನಿನ ಮುಂದೆ ಹಾಗಿಲ್ಲ. ಪಗಾರ ಇರಲಿ ಬಿಡಲಿ, ಲೆಕ್ಕಕ್ಕೆ ಉತ್ತರ ಹೇಳಬೇಕಾದವರು ಮಂಡಳಿಯವರು.

ಒಪ್ಪಿಕೊಳ್ಳುವ ಮೊದಲೇ ಕಳೆದ ಮೂರು ವರ್ಷದ ಆಡಿಟ್ ವರದಿ, ಅಷ್ಟೇ ವರ್ಷದ ಎಫ್‌ಸಿ-4, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯ ಅವಧಿ ಮುಗಿಯುವ ತಾರೀಖು, ಸಂಸ್ಥೆಗೆ ಆದಾಯ ತೆರಿಗೆ ವಿನಾಯಿತಿಯ 12ಎ ಮತ್ತು ದಾನಿಗಳಿಗೆ ತೆರಿಗೆ ರಿಯಾಯಿತಿಯ 80ಜಿ ಪ್ರಮಾಣಪತ್ರ, ಸಂಘಗಳ ನೋಂದಣಾಧಿಕಾರಿಗೆ ಕೊನೆಗೆ ಸಲ್ಲಿಸಿದ ಆಡಳಿತ ಮಂಡಳಿಯ ಪಟ್ಟಿ, ಇಷ್ಟನ್ನು ಕೇಳಿ ತರಿಸಿಕೊಳ್ಳಬೇಕು. ಒಂದು ವಾರದಲ್ಲಿ ಈ ಕಾಗದ ಸಿಗದಿದ್ದರೆ ಅಲ್ಲಿ ಸದಸ್ಯರಾಗುವುದು ಬೇಡ. ಎಫ್‌ಸಿ-4 ಎಂದರೆ ವಿದೇಶಿ ಹಣದ ಬಗ್ಗೆ ಸರ್ಕಾರಕ್ಕೆ ಕೊಡುವ ವಾರ್ಷಿಕ ವಿವರ. ಮಾರ್ಚ್ 31ಕ್ಕೆ ಮುಗಿದ ವರ್ಷದ್ದನ್ನು ಅದೇ ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಆ ವರ್ಷ ಒಂದು ರೂಪಾಯಿ ವಿದೇಶಿ ಹಣ ಬಾರದಿದ್ದರೂ ಸೊನ್ನೆ ತುಂಬಿ ಸಲ್ಲಿಸಲೇಬೇಕು. ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಎಫ್‌ಸಿಆರ್‌ಎಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಪದಾಧಿಕಾರಿಗಳೆಲ್ಲರ ಆಧಾರ್ ಬೇಕು. ನಮ್ಮ ಕಡೆ ತೊಡಕಾಗುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಅಡ್ಡಹೆಸರು ಕೊನೆಗೆ, ಪ್ಯಾನ್‌ನಲ್ಲಿ ಮೊದಲಿಗೆ, ನಡಾವಳಿ ಪುಸ್ತಕದಲ್ಲಿ ಬರೀ ಇನಿಷಿಯಲ್. ಊರಿನ ಹೆಸರೂ ಹಾಗೆಯೇ: 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂವ ಬೆಳಗಾವಿಯಾಯಿತು. ಹಳೆಯ ನೋಂದಣಿಯಲ್ಲಿ ಒಂದು, ಹೊಸ ಬ್ಯಾಂಕ್ ಕಾಗದದಲ್ಲಿ ಇನ್ನೊಂದು ಇದ್ದರೆ ಅರ್ಜಿ ಪ್ರಶ್ನೆ ಹೊತ್ತು ಮರಳಿ ಬರುತ್ತದೆ. ಎಫ್‌ಸಿಆರ್‌ಎ ನೋಂದಣಿಗೆ 5 ವರ್ಷದ ಅವಧಿ. ಮುಗಿಯುವ ಮುಂಚಿನ 6 ತಿಂಗಳೊಳಗೆ ನವೀಕರಣಕ್ಕೆ ಹಾಕಬೇಕು. ಹೆಸರು, ವಿಳಾಸ ಸರಿಪಡಿಸುವುದಕ್ಕೇ ಎರಡು ತಿಂಗಳು ಹೋಗುವುದರಿಂದ ನಾವು 8 ತಿಂಗಳು ಮೊದಲೇ ಕಾಗದ ಜೋಡಿಸಲು ಕೂಡುತ್ತೇವೆ.

ಹಣದ ದಾರಿ ಗೊತ್ತಿರಬೇಕು. ವಿದೇಶಿ ದೇಣಿಗೆ ಮೊದಲು ಬರುವುದು ದಿಲ್ಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೆ ಮಾತ್ರ. ಅಲ್ಲಿಂದ ವಿಜಯಪುರದ ಬಳಕೆ ಖಾತೆಗೆ. ಈ ಹಣಕ್ಕೆ ಬೇರೆ ಕಿರ್ದಿ, ಬೇರೆ ಖಾತೆ ಪುಸ್ತಕ. ಅದರ ಮೇಲೆ ಬಂದ ಬಡ್ಡಿಯೂ ವಿದೇಶಿ ದೇಣಿಗೆಯೇ. “ಈ ತಿಂಗಳ ಪಗಾರಕ್ಕೆ ಈ ಖಾತೆಯಿಂದ ತೆಗೆದು ಮುಂದಿನ ತಿಂಗಳು ಹಾಕೋಣ್ರಿ” ಎಂಬ ಮಾತು ಸಭೆಯಲ್ಲಿ ಬಂದರೆ ಅಲ್ಲೇ ನಿಲ್ಲಿಸಬೇಕು. ಸ್ಥಳೀಯ ದೇಣಿಗೆಯೊಂದಿಗೆ ಒಂದು ದಿನದ ಮಟ್ಟಿಗೂ ಬೆರೆಸುವಂತಿಲ್ಲ. ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಆದ್ದರಿಂದ ಊರಿನ ಜಲಾನಯನ ಸಮಿತಿಗೆ ಇಡಿಗಂಟು ಕೊಟ್ಟು “ನೀವೇ ಮಾಡಿಸಿಕೊಳ್ಳಿ” ಎನ್ನುವ ಹಳೆಯ ಪದ್ಧತಿ ಈಗ ನಡೆಯದು. ಜೆಸಿಬಿಯವರಿಗೆ, ಅಂಗಡಿಗೆ, ಕೂಲಿಗೆ ಸಂಸ್ಥೆಯೇ ನೇರ ಕೊಡಬೇಕು.

ಇನ್ನು ಮಾರ್ಚ್. ಈ ಕಡೆ ಮಂಡಳಿ ಕಣ್ಣಿಡಬೇಕಾದ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ ಎಂದು ನಾನು ತಿಳಿದಿದ್ದೇನೆ. ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಹೊಂಡ ತೋಡಲು, ಬದು ಹಾಕಲು ಏಪ್ರಿಲ್, ಮೇ ಎರಡೇ ತಿಂಗಳು: ಹಿಂಗಾರಿ ಜೋಳ, ಕಡಲೆ ಕಿತ್ತು ಹೊಲ ಖಾಲಿ ಇರುತ್ತದೆ, ನೆಲ ಗಟ್ಟಿ ಇರುತ್ತದೆ. ಜೂನ್‌ನಲ್ಲಿ ಎರಡು ಮಳೆ ಬಿದ್ದರೆ ಯಂತ್ರ ಹೂತು ನಿಲ್ಲುತ್ತದೆ, ಬಿತ್ತಿದ ಹೊಲಕ್ಕೆ ಅದನ್ನು ಯಾರೂ ಬಿಡುವುದೂ ಇಲ್ಲ. ಹಾಗಾಗಿ ಕ್ಷೇತ್ರದ ಸಿಬ್ಬಂದಿ ಫೆಬ್ರುವರಿಯಲ್ಲೇ ಪೂರ್ತಿ ಕಂತು ತರಿಸಲು ನೋಡುತ್ತಾರೆ. ದಾನಿಗಳ ವರ್ಷ ಜನವರಿಯಿಂದ ಆಗಿದ್ದರೆ ಅವರಿಗೂ ಅದು ಸಲೀಸು. ಆದರೆ ನಮ್ಮ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ.

ಲೆಕ್ಕಕ್ಕೆ ಹಿಡಿಯೋಣ: ಎರಡು ವರ್ಷದ ಯೋಜನೆಗೆ ಒಂದು ಕೋಟಿ. ಕಚೇರಿ ಖರ್ಚು ವರ್ಷಕ್ಕೆ 8 ಲಕ್ಷ. ಮೊದಲ ವರ್ಷದ ಫೆಬ್ರುವರಿಯ ಕಂತೂ ಸೇರಿ 80 ಲಕ್ಷ ಬಂತು, ಎರಡನೆಯ ವರ್ಷ 20 ಲಕ್ಷ. ಆಡಳಿತ ವೆಚ್ಚದ ಮಿತಿ ಆಯಾ ವರ್ಷ ಬಂದ ವಿದೇಶಿ ದೇಣಿಗೆಯ 20%. 2020ಕ್ಕೆ ಮೊದಲು ಇದು 50% ಇತ್ತು. ಮೊದಲ ವರ್ಷಕ್ಕೆ ಮಿತಿ 16 ಲಕ್ಷ, ಎರಡನೆಯ ವರ್ಷಕ್ಕೆ 4 ಲಕ್ಷ. ಕಚೇರಿ ಎರಡೂ ವರ್ಷ ಅದೇ 8 ಲಕ್ಷ ಖರ್ಚು ಮಾಡಿದೆ, ಒಂದು ಪೈಸೆ ದುಂದಾಗಿಲ್ಲ, ಆದರೂ ಎರಡನೆಯ ವರ್ಷ ಮಿತಿ ಮೀರಿತು. ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮೀರುವಂತಿಲ್ಲ. ಆದಾಯ ತೆರಿಗೆಯ ಕಡೆಯಿಂದಲೂ ಪೆಟ್ಟು: ಬಂದದ್ದರಲ್ಲಿ 85% ಅದೇ ವರ್ಷ ಉದ್ದೇಶಕ್ಕೆ ಬಳಸಬೇಕು, ಅಂದರೆ 68 ಲಕ್ಷ. ಮಾರ್ಚ್ ಕೊನೆಗೆ 35 ಲಕ್ಷವಷ್ಟೇ ಖರ್ಚಾಗಿದ್ದರೆ 33 ಲಕ್ಷಕ್ಕೆ ವಿವರಣೆ ಬೇಕು.

ನಾವು ಹಿಡಿದ ದಾರಿ ಹೀಗೆ. ಒಪ್ಪಂದ ಬರೆಯುವಾಗಲೇ ಕಂತನ್ನು ಒಡೆಯುತ್ತೇವೆ: ಡೀಸೆಲ್, ಯಂತ್ರದ ಮುಂಗಡಕ್ಕೆ ಬೇಕಾಗುವಷ್ಟು ಮಾತ್ರ ಮಾರ್ಚ್‌ನಲ್ಲಿ, ಉಳಿದದ್ದು ಏಪ್ರಿಲ್ 1ರ ನಂತರ ಮೊದಲ ವಾರ. ದಾನಿಗಳಿಗೆ ಕಾರಣ ತಿಳಿಸಿ ಬರೆದರೆ ಒಪ್ಪುತ್ತಾರೆ. ಮಣ್ಣಿನ ಹದ ಅವರಿಗೆ ಗೊತ್ತಿರುವುದಿಲ್ಲ, ಅದನ್ನು ಹೇಳಬೇಕಾದವರು ನಾವು. ಆದರೂ ಬಾಕಿ ಉಳಿದರೆ, ಮುಂದಿನ ವರ್ಷ ಬಳಸುವುದಾಗಿ ಇಲ್ಲವೇ ಗರಿಷ್ಠ 5 ವರ್ಷಕ್ಕೆ ಕಾಯ್ದಿಡುವುದಾಗಿ ನಮೂನೆ ಸಲ್ಲಿಸಲು ಅವಕಾಶವಿದೆ. ಕಾಯ್ದಿಡುವುದಾದರೆ ಮಂಡಳಿ ಠರಾವು ಮಾಡಬೇಕು, ಅದರಲ್ಲಿ ಉದ್ದೇಶ ನಿರ್ದಿಷ್ಟವಾಗಿರಬೇಕು. “ಸಂಸ್ಥೆಯ ಧ್ಯೇಯೋದ್ದೇಶಗಳಿಗಾಗಿ” ಎಂದು ಬರೆದರೆ ನಿಲ್ಲುವುದಿಲ್ಲ. 1961ರ ಕಾಯ್ದೆಯ ಬದಲು 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಕಲಮಿನ ಸಂಖ್ಯೆಗಳು ಬದಲಾಗಿವೆ. ಹಳೆಯ ಠರಾವಿನ ನಕಲು ತೆಗೆದು ತಾರೀಖು ತಿದ್ದುವ ರೂಢಿ ಇದ್ದರೆ ಬಿಡಬೇಕು.

ಸಭೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ. ಕಾಗದ 10 ದಿನ ಮೊದಲು ಕೈಗೆ ಬರಬೇಕು, ಜೊತೆಗೆ ಕನ್ನಡದಲ್ಲಿ ಒಂದು ಪುಟದ ಜಮಾ-ಖರ್ಚು. ದಾನಿಗೆ ಹೋಗುವ ಇಂಗ್ಲಿಷ್ ತಖ್ತೆಯನ್ನೇ ಸಭೆಯಲ್ಲಿ ಹಂಚಿದರೆ ತಾಂಡಾದಿಂದ ಬಂದ ಅಕ್ಕಾರು, ನೇಕಾರರ ಪ್ರತಿನಿಧಿ ಕೈಕಟ್ಟಿ ಕೂಡುತ್ತಾರೆ. ಅದೇ ಲೆಕ್ಕ ಕನ್ನಡದಲ್ಲಿ ಓದಿದಾಗ “ಒಂದು ಹೊಂಡಕ್ಕ ಇಷ್ಟು ತಾಸ ಜೆಸಿಬಿ ಹತ್ತೂದಿಲ್ರಿ” ಎಂದು ಹೇಳುವವರು ಅವರೇ. ಹಳ್ಳಿಯ ಸದಸ್ಯರನ್ನು ಮಂಡಳಿಗೆ ತೆಗೆದುಕೊಳ್ಳುವುದು ಈ ಕಾರಣಕ್ಕೆ.

ಹೊಂಡದ ಬಿಲ್ಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 12 ಮೀಟರ್ ಉದ್ದ, 12 ಅಗಲ, 3 ಆಳದ ಹೊಂಡ. ಗುತ್ತಿಗೆದಾರ ಮೂರನ್ನೂ ಗುಣಿಸಿ 432 ಘನ ಮೀಟರ್ ಎಂದು ಬಿಲ್ಲು ಬರೆಯುತ್ತಾನೆ. ಗೋಡೆ ನೆಟ್ಟಗೆ ಇದ್ದರೆ ಮಾತ್ರ ಅದು ಸರಿ. ಎರಿ ಮಣ್ಣಿನಲ್ಲಿ ನೆಟ್ಟಗಿನ ಗೋಡೆ ಮೊದಲ ಮಳೆಗಾಲಕ್ಕೇ ಕುಸಿಯುತ್ತದೆ. ಒಣಗಿದಾಗ ಬಿರಿಯುವ, ನೆನೆದಾಗ ಉಬ್ಬುವ ಮಣ್ಣು ಅದು. ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಇಳಿಜಾರು ಬಿಡಬೇಕು. ಹಾಗೆ ಬಿಟ್ಟರೆ ತಳದಲ್ಲಿ ಉಳಿಯುವುದು 3 ಮೀಟರ್ ಚೌಕ. ಮೇಲಿನ ಬದಿಯ ವರ್ಗ 144, ತಳದ ಬದಿಯ ವರ್ಗ 9, ಎರಡು ಬದಿಗಳ ಗುಣಲಬ್ಧ 36. ಮೂರನ್ನೂ ಕೂಡಿಸಿ ಆಳದಿಂದ ಗುಣಿಸಿ 3ರಿಂದ ಭಾಗಿಸಿದರೆ 189 ಘನ ಮೀಟರ್. ಬಿಲ್ಲು ಎರಡು ಪಟ್ಟಿಗಿಂತ ಹೆಚ್ಚು. ತಪ್ಪು ಹಣದಲ್ಲಿ ಮಾತ್ರವಲ್ಲ: ದಾನಿಗೆ ಹೋಗುವ ವರದಿಯಲ್ಲಿ 1.89 ಲಕ್ಷ ಲೀಟರ್ ನೀರು 4.32 ಲಕ್ಷ ಲೀಟರ್ ಆಗುತ್ತದೆ, ರೈತ ಆ ನೀರಿನ ಮೇಲೆ ಲಿಂಬಿ ಗಿಡ ಹಚ್ಚುತ್ತಾನೆ. ನಾವು ಹೋಗುವಾಗ 30 ಮೀಟರ್ ಟೇಪು ಒಯ್ಯುತ್ತೇವೆ. ಮೇಲಿನ ಬದಿ, ತಳದ ಬದಿ, ಆಳ ಮೂರನ್ನೂ ಅಳೆದು, ತೋಡಿದ ಮಣ್ಣು ಅಂಚಿನಿಂದ ಒಂದು ಮೀಟರಾದರೂ ದೂರ ಹಾಕಿದ್ದಾರೆಯೇ, ನೀರು ಒಳಬರುವ ಬಾಯಿಗೆ ಕಲ್ಲು ಹಾಸಿದ್ದಾರೆಯೇ ನೋಡುತ್ತೇವೆ. ತಾಸಿನ ಲೆಕ್ಕದ ಕೆಲಸವಾದರೆ ಯಂತ್ರದ ಅವರ್ ಮೀಟರ್‌ನ ಮೊದಲ ಮತ್ತು ಕೊನೆಯ ಅಂಕಿಯ ಫೋಟೋ ಬಿಲ್ಲಿಗೆ ಅಂಟಿರಬೇಕು. ಯಾವ ಹೊಂಡ ನೋಡಬೇಕೆಂದು ಸಿಬ್ಬಂದಿ ಆರಿಸಬಾರದು, ಪಟ್ಟಿಯಿಂದ ನಾವೇ ಗುರುತು ಹಾಕುತ್ತೇವೆ. ಇಬ್ಬರು ಸದಸ್ಯರು ಕೂಡಿ ಹೋಗುತ್ತೇವೆ, ಒಬ್ಬರೇ ಅಲ್ಲ.

ಭೇಟಿ ಯಾವ ತಿಂಗಳಲ್ಲಿ ಎಂಬುದೂ ಮುಖ್ಯ. ದೀಪಾವಳಿ ಕಳೆದ ಮೇಲೆ ತಾಂಡಾಗಳ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಬೆಳಗಾವಿ, ಬಾಗಲಕೋಟೆ, ಮಹಾರಾಷ್ಟ್ರದ ಕಡೆ, ಕಟ್ಟಡ ಕೆಲಸಕ್ಕೆ ಗೋವಾ, ಪುಣೆ ಕಡೆ ಗುಳೆ ಹೋಗುತ್ತವೆ. ಜನವರಿಯಲ್ಲಿ ಮನೆ ಸಮೀಕ್ಷೆ ಮಾಡಿದರೆ ಸಿಗುವವರು ಮುದುಕರು ಮತ್ತು ಅವರ ಹತ್ತಿರ ಬಿಟ್ಟುಹೋದ ಮಕ್ಕಳು. ಯೋಜನೆಯ ಆರಂಭದ ಸಮೀಕ್ಷೆ ಜನವರಿಯಲ್ಲಿ, ಕೊನೆಯದು ಜೂನ್‌ನಲ್ಲಿ ನಡೆದರೆ ಆದಾಯ, ಊಟ, ಶಾಲೆಯ ಹಾಜರಿ ಎಲ್ಲ ಸುಧಾರಿಸಿದಂತೆ ಕಾಣುತ್ತದೆ, ಆಗಿರುವುದು ಜನ ಮರಳಿ ಬಂದದ್ದಷ್ಟೇ. ಎರಡೂ ಸಮೀಕ್ಷೆ ಒಂದೇ ತಿಂಗಳಲ್ಲಿ, ಜುಲೈ ಅಥವಾ ಆಗಸ್ಟ್‌ನಲ್ಲಿ ಆಗಬೇಕೆಂದು ನಾವು ಠರಾವು ಮಾಡಿಕೊಂಡಿದ್ದೇವೆ. ಗುಳೆ ಹೋದ ಮನೆಯ ಎದುರು “ಬೀಗ” ಎಂದು ಬರೆದು ಪಕ್ಕದ ಮನೆಗೆ ಹೋಗುವುದು ಬೇಡ. ಯಾರು, ಎಲ್ಲಿಗೆ, ಎಷ್ಟು ತಿಂಗಳಿಗೆ ಎಂದು ಬರೆದುಕೊಳ್ಳಬೇಕು. ಈ ನಾಡಿನಲ್ಲಿ ಆ ಮಾಹಿತಿ ಇಲ್ಲದ ಅಭಿವೃದ್ಧಿ ವರದಿಗೆ ಬೆಲೆಯಿಲ್ಲ.

ಆಡಳಿತ ವೆಚ್ಚದ 20%ರೊಳಗೆ ಯಾವುದು ಬರುತ್ತದೆ ಎಂಬುದರಲ್ಲೂ ಎಡವಟ್ಟಾಗುತ್ತದೆ. ಬಾಡಿಗೆ, ಕರೆಂಟ್ ಬಿಲ್, ಕಚೇರಿ ಸಿಬ್ಬಂದಿಯ ಪಗಾರ, ವಾಹನದ ಖರ್ಚು, ಲೆಕ್ಕಪತ್ರದ ಖರ್ಚು, ವಕೀಲರ ಫೀ ಇವೆಲ್ಲ ಆಡಳಿತ ವೆಚ್ಚ. ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಪಗಾರದಂತೆ ನೇರ ಸೇವೆಯದು ಅದರಲ್ಲಿ ಬರುವುದಿಲ್ಲ. ಹೊಲದಲ್ಲಿ ಕೆಲಸ ಮಾಡುವವರ ನೇಮಕ ಪತ್ರದಲ್ಲಿ “ಸಂಯೋಜಕ” ಎಂದಷ್ಟೇ ಬರೆದರೆ ಆಡಿಟರ್ ಅದನ್ನು ಆಡಳಿತಕ್ಕೆ ಹಾಕುತ್ತಾರೆ. ಮಾಡುವ ಕೆಲಸವನ್ನು ನಾಲ್ಕು ಸಾಲಿನಲ್ಲಿ ಬರೆದು, ತಿಂಗಳ ದಿನಚರಿ ಇಡಿಸಬೇಕು.

ವೋಚರುಗಳಲ್ಲಿ ಪ್ರತಿ ಸಭೆಗೆ ಯಾವುದಾದರೂ ಒಂದು ತಿಂಗಳಿನವು 20 ತೆಗೆಸಿ ನೋಡುತ್ತೇನೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ತೆರಿಗೆಯಲ್ಲಿ ಅದು ಖರ್ಚೆಂದು ಗಣನೆಗೆ ಬರುವುದಿಲ್ಲ. ಹಾಗಾಗಿ 9,800ರ ಮೂರು ವೋಚರು, ಒಂದರ ಹಿಂದೆ ಒಂದು ನಂಬರು, ಮೂರು ದಿನದ ತಾರೀಖು, ಆದರೆ ಒಂದೇ ಪೆನ್ನಿನ ಮಸಿ, ಒಂದೇ ಕೈಬರಹ ಕಂಡರೆ ಅದು ಒಡೆದ ಬಿಲ್ಲು. ಇದರ ಹಿಂದೆ ಯಾವಾಗಲೂ ಕಳ್ಳತನವೇ ಇರುವುದಿಲ್ಲ. ಬ್ಯಾಂಕ್ ದೂರ, ಡೀಸೆಲ್ ಇವತ್ತೇ ಬೇಕು ಎಂಬ ಅವಸರವೂ ಇರುತ್ತದೆ. ಪೆಟ್ರೋಲ್ ಪಂಪಿಗೆ ಬ್ಯಾಂಕ್ ಮೂಲಕ ಮುಂಗಡ ಇಟ್ಟು ಚೀಟಿಯ ಮೇಲೆ ಡೀಸೆಲ್ ಹಾಕಿಸಿದರೆ ಆ ಅವಸರ ತಪ್ಪುತ್ತದೆ. ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆ) ಮಾರ್ಚ್‌ನದು ಬಿಟ್ಟರೆ ಮುಂದಿನ ತಿಂಗಳ 7ರೊಳಗೆ, ಭವಿಷ್ಯ ನಿಧಿ ಮತ್ತು ಇಎಸ್‌ಐ 15ರೊಳಗೆ. ಚಲನ್ ನೋಡದೆ “ಕಟ್ಟಿದ್ದೇವೆ” ಎಂಬುದನ್ನು ನಡಾವಳಿಗೆ ಬರೆಸುವುದಿಲ್ಲ.

ಠರಾವು ಬರೆಯುವ ರೀತಿಯನ್ನೂ ಹೇಳಬೇಕು. “ಹೊಂಡದ ಕೆಲಸಕ್ಕೆ ಒಪ್ಪಿಗೆ ನೀಡಲಾಯಿತು” ಎಂದು ಒಂದು ಸಾಲು ಬರೆದಿಡುವುದು ರೂಢಿ. ಅದು ಸಾಲದು. ಯಾವ ಊರಿನಲ್ಲಿ ಎಷ್ಟು ಹೊಂಡ, ಯಾವ ಅಳತೆ, ಯಾವ ದಾನಿಯ ಯಾವ ಬಜೆಟ್ ಬಾಬಿನಿಂದ, ಗರಿಷ್ಠ ಎಷ್ಟು ಮೊತ್ತ, ಎಷ್ಟು ಕೊಟೇಶನ್ ಬಂದವು, ಯಾರದ್ದನ್ನು ಏಕೆ ಒಪ್ಪಿದೆವು, ಸೂಚಿಸಿದವರು, ಅನುಮೋದಿಸಿದವರು, ವಿರೋಧಿಸಿದವರಿದ್ದರೆ ಅವರ ಹೆಸರು ಮತ್ತು ಕಾರಣ, ಇಷ್ಟೂ ಇರಬೇಕು. ಪುಟಕ್ಕೆ ನಂಬರು, ಖಾಲಿ ಬಿಟ್ಟ ಜಾಗಕ್ಕೆ ಅಡ್ಡಗೆರೆ, ಸಭೆ ಮುಗಿದ ದಿನವೇ ಸಹಿ. ಸಭೆಗೆ ಬಾರದವರ ಮನೆಗೆ ಪುಸ್ತಕ ಒಯ್ದು ಸಹಿ ಹಾಕಿಸುವುದು ಸುಳ್ಳು ದಾಖಲೆ. ಹಿರಿಯರಿಗೆ ಬೇಸರವಾದರೂ ನಾವು ಅದಕ್ಕೆ ಒಪ್ಪುವುದಿಲ್ಲ.

ನಮ್ಮ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ಬೀಗರು. ಜೆಸಿಬಿ ಖಜಾಂಚಿಯವರ ಅಳಿಯನದಾಗಿರಬಹುದು, ಸಿಮೆಂಟ್ ಅಂಗಡಿ ಅಧ್ಯಕ್ಷರ ಕಾಕಾನದು. ಸಂಬಂಧ ಇದ್ದ ಮಾತ್ರಕ್ಕೆ ತಪ್ಪಲ್ಲ, ಮುಚ್ಚಿದರೆ ತಪ್ಪು. ಏಪ್ರಿಲ್ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಮನೆತನದ ವ್ಯವಹಾರಗಳ ಪಟ್ಟಿ ಬರೆದು ಕೊಡುತ್ತೇವೆ. ಆ ವಿಷಯ ಬಂದಾಗ ಸಂಬಂಧಪಟ್ಟವರು ಎದ್ದು ಹೊರಗೆ ಹೋಗಬೇಕು. ಹೋದ ಹೊತ್ತು, ಮರಳಿದ ಹೊತ್ತು ನಡಾವಳಿಯಲ್ಲಿ ಬರೆಯಬೇಕು. “ಹೊರಗ ಹೋಗ್ರಿ ಮಾವಾರ” ಎನ್ನಲು ಎಳೆಯರಿಗೆ ನಾಲಿಗೆ ಏಳುವುದಿಲ್ಲ, ಆದ್ದರಿಂದ ಕೇಳುವ ಮೊದಲೇ ಏಳುವುದು ನಮ್ಮ ನಿಯಮ. ಚುನಾವಣೆಗೆ ನಿಲ್ಲುವವರು ಮೊದಲು ರಾಜೀನಾಮೆ ಕೊಡುತ್ತಾರೆ. ದಾನಿ ಸಂಸ್ಥೆಯ ಪ್ರತಿನಿಧಿ ಸಭೆಗೆ ಆಹ್ವಾನಿತರಾಗಿ ಬರಬಹುದು, ಮತ ಹಾಕುವುದಿಲ್ಲ.

ಒಪ್ಪಂದದಲ್ಲಿ ವಿನಿಮಯ ದರದ ಕಲಮು ತಪ್ಪದೆ ಓದಬೇಕು. 60,000 ಯುರೋಗೆ 90ರಂತೆ ಬಜೆಟ್ ಕಟ್ಟಿದರೆ 54 ಲಕ್ಷ. ಹಣ ಬಂದ ದಿನ ದರ 87 ಇದ್ದರೆ 52.20 ಲಕ್ಷ. ಆ 1.80 ಲಕ್ಷ ಯಾವ ಬಾಬಿನಿಂದ ಕಡಿಮೆಯಾಗಬೇಕು ಎಂಬುದನ್ನು ಮೊದಲೇ ಬರೆಸಿಕೊಳ್ಳದಿದ್ದರೆ ಕೊಯ್ತ ಬೀಳುವುದು ಹಳ್ಳಿಯ ಕೆಲಸಕ್ಕೆ. ದರ ಏರಿ ಹೆಚ್ಚು ಬಂದರೆ ಅದೂ ಯೋಜನೆಯ ಕೆಲಸಕ್ಕೇ ಎಂದು ಬರೆಸುತ್ತೇವೆ. ಯೋಜನೆ ಮುಗಿದ ಮೇಲೆ ವಾಹನ ಯಾರದು, ತಕರಾರು ಬಂದರೆ ಯಾವ ದೇಶದ ನ್ಯಾಯಾಲಯ ಎಂಬ ಎರಡನ್ನೂ ಅಲ್ಲಿಯೇ ನೋಡಬೇಕು.

ಹತ್ತು ಮಂದಿ ಸಿಬ್ಬಂದಿ ಇದ್ದರೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ ಬೇಕು, ಅದರ ಮುಖ್ಯಸ್ಥೆ ಮಹಿಳೆ, ಒಬ್ಬರು ಹೊರಗಿನವರು. ಸಮಿತಿಯ ಫೋನ್ ನಂಬರ್ ಕಚೇರಿಯ ಗೋಡೆಯ ಮೇಲೆ ಇದ್ದರೆ ಸಾಲದು, ಸಂಘದ ಮಹಿಳೆಯರ ಹತ್ತಿರವೂ ಇರಬೇಕು.

ಮಂಡಳಿ ಬಿಡುವಾಗಲೂ ಕೆಲಸ ಉಳಿದಿರುತ್ತದೆ. ರಾಜೀನಾಮೆ ಅಂಗೀಕಾರದ ಠರಾವಿನ ಪ್ರತಿ ಕೈಯಲ್ಲಿಟ್ಟುಕೊಂಡು, ಪದಾಧಿಕಾರಿ ಬದಲಾವಣೆಯನ್ನು ಎಫ್‌ಸಿ-6ಇ ನಮೂನೆಯಲ್ಲಿ 45 ದಿನದೊಳಗೆ ತಿಳಿಸಿದ್ದಾರೆಯೇ, ಸಂಘಗಳ ನೋಂದಣಾಧಿಕಾರಿಗೆ ಹೊಸ ಪಟ್ಟಿ ಹೋಗಿದೆಯೇ ವಿಚಾರಿಸಬೇಕು. ದಿಲ್ಲಿಯ ಖಾತೆಯಲ್ಲಿ ಸಹಿದಾರರ ಹೆಸರು ಬದಲಾಗಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಬ್ಯಾಂಕಿನ ಒಟಿಪಿ ಹಳೆಯ ಸದಸ್ಯರ ಮೊಬೈಲಿಗೇ ಬರುತ್ತಿರುತ್ತದೆ. ಅದನ್ನು ಫೋನಿನಲ್ಲಿ ಯಾರಿಗೂ ಹೇಳಬಾರದು. ನಂಬರ್ ಬದಲಾಯಿಸಲು ಬ್ಯಾಂಕಿಗೆ ಕೊಟ್ಟ ಪತ್ರಕ್ಕೆ ಸ್ವೀಕೃತಿ ಹಾಕಿಸಿಕೊಂಡು, ಆ ಪ್ರತಿಯನ್ನು ರಾಜೀನಾಮೆಯ ಜೊತೆ ಒಂದೇ ಕಡತದಲ್ಲಿ ಇಡಬೇಕು.