ನಮ್ಮ ಕಾಲೇಜಲ್ಲಿ ಗಣರಾಜ್ಯದ ಗ್ಯಾಲರಿ ಕಟ್ಟಿದ್ದು – ನನ್ನ ಅನುಭವ

ಸಂವಿಧಾನಕ್ಕೆ 75 ವರ್ಷ ತುಂಬಿದಾಗ ನಮ್ಮ ಕಾಲೇಜಲ್ಲೂ ಏನಾದ್ರೂ ಮಾಡೋಣ ಅಂತ ಮಾತು ಬಂತು, ಹಿಸ್ಟರಿ ಪಾಠ ಮಾಡೋಳು ನಾನೇ ಆದ್ದರಿಂದ ಕೆಲಸಾನೂ ನನಗೇ ಬಂತು. ಮೈಸೂರು ಜಿಲ್ಲೆಯ ಒಂದು ತಾಲೂಕು ಕೇಂದ್ರದ ಕಾಲೇಜು ನಮ್ದು. ಹಳೇ ರೀಡಿಂಗ್ ರೂಮ್ ಖಾಲಿ ಬಿದ್ದಿತ್ತು. ಎಲ್ಲರ ಮನಸ್ಸಲ್ಲಿ ಇದ್ದಿದ್ದು ಒಂದೇ ಥರದ ಎಕ್ಸಿಬಿಷನ್, ಗಾಂಧಿ, ನೆಹರೂ, ಅಂಬೇಡ್ಕರ್ ಫೋಟೋ, ಮಧ್ಯರಾತ್ರಿ ಭಾಷಣ, ಧ್ವಜ, ಮುಗೀತು. ನನಗೆ ಅದು ಬೇಡ ಅನ್ನಿಸ್ತು. ಯಾಕಂದ್ರೆ ದೇಶ ಹುಟ್ಟಿದ್ದು ಒಂದೇ ರಾತ್ರೀಲಿ ಅಂತ ತೋರಿಸಿಬಿಟ್ರೆ ನಮ್ಮ ಊರಿನ ಕಥೆಗೆ ಅದರಲ್ಲಿ ಜಾಗಾನೇ ಇರಲ್ಲ.

ನಮ್ಮ ಕಡೆ ಏನಾಯ್ತು ನೋಡಿ. 1947ರ ಆಗಸ್ಟ್ 15ಕ್ಕೆ ಧಾರವಾಡ, ಮಂಗಳೂರು ಬ್ರಿಟಿಷರ ಕೈ ಬಿಟ್ಟು ಆಯ್ತು. ಮೈಸೂರು ಸಂಸ್ಥಾನ ಭಾರತಕ್ಕೆ ಸೇರಿತ್ತು ನಿಜ, ಆದ್ರೆ ಜನರಿಗೆ ಉತ್ತರ ಕೊಡೋ ಸರ್ಕಾರ ಇನ್ನೂ ಬಂದಿರಲಿಲ್ಲ, ಅದಕ್ಕೇ ಸೆಪ್ಟೆಂಬರ್‌ನಲ್ಲಿ ಅಂಥ ಸರ್ಕಾರ ಬೇಕು ಅಂತ ಮೈಸೂರು ಚಲೋ ಚಳವಳಿ ಶುರುವಾಗಿದ್ದು, ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂದಾಗ ಅಕ್ಟೋಬರ್ ಕೊನೆ. ಅತ್ತ ರಾಯಚೂರು, ಬೀದರ್, ಕಲಬುರಗಿ ಕಡೆಯವರು 1948ರ ಸೆಪ್ಟೆಂಬರ್ 17ರ ತನಕ ನಿಜಾಮನ ಕೈಕೆಳಗೇ ಇದ್ರು. ಹಾಗಾಗಿ ಬಾಗಿಲ ಹತ್ರ ಮೊದಲು ಹಾಕಿದ್ದು ಒಂದು ದೊಡ್ಡ ಮ್ಯಾಪ್, ಅದರ ಮೇಲೆ ಊರೂರಿನ ತಾರೀಖು.

ಅದರ ಪಕ್ಕದಲ್ಲೇ ಮೈಸೂರಿನ ರಾಮಸ್ವಾಮಿ ಸರ್ಕಲ್ ಫೋಟೋ. ನಮ್ಮ ಹುಡುಗರು ಮೈಸೂರಿಗೆ ಹೋದಾಗೆಲ್ಲ ಅದನ್ನ ದಾಟಿಕೊಂಡೇ ಓಡಾಡ್ತಾರೆ, ಯಾರು ಈ ರಾಮಸ್ವಾಮಿ ಅಂದ್ರೆ ಒಬ್ಬರಿಗೂ ಗೊತ್ತಿರಲಿಲ್ಲ. ಮೈಸೂರು ಚಲೋ ಚಳವಳೀಲಿ ಗುಂಡಿಗೆ ಬಲಿಯಾದ ಸ್ಟೂಡೆಂಟ್ ಅವನು, ಅದೂ 1947ರ ಸೆಪ್ಟೆಂಬರ್‌ನಲ್ಲಿ, ಅಂದ್ರೆ ದೆಹಲೀಲಿ ಬಾವುಟ ಹಾರಿದ ಮೇಲೆ. ಈ ಒಂದು ಫೋಟೋ ಮುಂದೆ ಜನ ನಿಂತಷ್ಟು ಹೊತ್ತು ಬೇರೆ ಎಲ್ಲೂ ನಿಲ್ಲಲಿಲ್ಲ. "ಸ್ವಾತಂತ್ರ್ಯ ಬಂದ ಮೇಲೂ ಗುಂಡು ಹೊಡೆದ್ರಾ ಮೇಡಂ?" ಅಂತ ಪಿಯುಸಿ ಹುಡುಗಿ ಒಬ್ಬಳು ಕೇಳಿದಾಗ, ಮ್ಯೂಸಿಯಂ ಅನ್ನೋದು ಇದಕ್ಕೇ ಬೇಕಾಗಿರೋದು ಅನ್ನಿಸ್ತು.

ಅಲ್ಲಿಂದ ಸಂವಿಧಾನಕ್ಕೆ. 1949ರ ನವೆಂಬರ್ 25ಕ್ಕೆ ಮಹಾರಾಜ ಜಯಚಾಮರಾಜ ಒಡೆಯರ್ ಘೋಷಣೆ ಹೊರಡಿಸಿ, ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನ ಅಂದ್ರು, ಮಾರನೇ ದಿನ ಸಂವಿಧಾನ ಸಭೆ ಅದನ್ನ ಅಂಗೀಕರಿಸ್ತು. ಆ ಸಭೇಲಿ ಮೈಸೂರಿಂದ ಹೋದವರಲ್ಲಿ ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಟಿ. ಸಿದ್ದಲಿಂಗಯ್ಯ, ಟಿ. ಚನ್ನಯ್ಯ ಇದ್ರು, ಸಲಹೆಗಾರರಾಗಿದ್ದ ಬಿ.ಎನ್. ರಾವ್ ಮಂಗಳೂರು ಕಡೆಯ ಬೆನೆಗಲ್ ಮನೆತನದವರು. ಮೂಲ ಪ್ರತಿಯ ಸ್ಕ್ಯಾನ್ ಇಂಟರ್ನೆಟ್‌ನಲ್ಲಿ ಸಿಗುತ್ತೆ, ಪೀಠಿಕೆ ಪುಟ ಕಲರ್ ಪ್ರಿಂಟ್ ತೆಗೆಸಿ ಫ್ರೇಮ್ ಹಾಕಿಸಿದ್ವಿ. ಇಡೀ ಪುಸ್ತಕ ಪ್ರೇಮ್ ಬಿಹಾರಿ ನಾರಾಯಣ ರಾಯ್‌ಜಾದಾ ಕೈಯಲ್ಲೇ ಬರೆದಿದ್ದು, ಅಂಚಿನ ಚಿತ್ರ ನಂದಲಾಲ್ ಬೋಸ್ ಮತ್ತು ಅವರ ಶಾಂತಿನಿಕೇತನದ ಶಿಷ್ಯರದ್ದು ಅಂದ್ರೆ ಬಂದವರು ನಂಬ್ತಿರಲಿಲ್ಲ, ಗಾಜಿಗೆ ಮೂಗು ತಾಗಿಸಿ ನೋಡೋರು.

ವಸ್ತುಗಳು ಬೇಕಲ್ಲ, ಅದಕ್ಕೆ ನನಗೆ ದಾರಿ ತೋರಿಸಿದ್ದು ಅಮೃತಸರದ ಪಾರ್ಟಿಷನ್ ಮ್ಯೂಸಿಯಂ, ಅಂದ್ರೆ ದೇಶ ವಿಭಜನೆಯ ಮ್ಯೂಸಿಯಂ. ಅಲ್ಲಿ ಒಂದು ಫುಲ್ಕಾರಿ (ಪಂಜಾಬಿನ ಕಸೂತಿ) ಕೋಟು, ಒಂದು ಚರ್ಮದ ಬ್ರೀಫ್‌ಕೇಸ್ ಇಟ್ಟಿದಾರೆ, ಎರಡೂ ಮನೆಮಂದಿಯ ಸಾಮಾನು, ಯಾವ ರಾಜನದ್ದೂ ಅಲ್ಲ. ನಾವೂ ಮನೆಮನೆಗೆ ಹೋಗಿ ಕೇಳಿದ್ವಿ. ಚರಕ ಬಂತು, ಹಳೇ ಪೇಪರ್ ಕಟಿಂಗ್ ಬಂತು, ಒಬ್ಬರ ಮನೇಲಿ ತಾಮ್ರಪತ್ರ ಸಿಕ್ತು, ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ 1972ರಲ್ಲಿ ಇಂದಿರಾ ಗಾಂಧಿ ಸರ್ಕಾರ ಹೋರಾಟಗಾರರಿಗೆ ಕೊಟ್ಟಿದ್ದು. ಕೊಡೋ ಮುಂಚೆ ಆ ಮನೆ ಸೊಸೆ "ತಾಳಿ, ಹುಣಸೆಹಣ್ಣಲ್ಲಿ ತಿಕ್ಕಿ ಕೊಡ್ತೀನಿ, ಪಳಪಳ ಅನ್ನುತ್ತೆ" ಅಂದ್ರು, ನಾನು ಕೈ ಹಿಡಿದು ನಿಲ್ಲಿಸಿದೆ. ಹುಣಸೆ ಹುಳಿ ತಾಮ್ರದ ಮೇಲ್ಪದರಾನೇ ತಿನ್ನುತ್ತೆ, ಪ್ರತಿ ಹಬ್ಬಕ್ಕೂ ತಿಕ್ಕಿ ತಿಕ್ಕಿ ಅಕ್ಷರದ ಅಂಚು ಆಗ್ಲೇ ಸವೆದಿತ್ತು, ಹಾಗೇ ಬಿಟ್ರೆ ಇನ್ನೊಂದು ತಲೆಮಾರಿಗೆ ಹೆಸರು ಓದೋಕೇ ಆಗಲ್ಲ. ಒಣ ಮೆತ್ತನೆ ಬಟ್ಟೇಲಿ ಒರೆಸಿ, ಕೈಗೆ ಗ್ಲೌಸ್ ಹಾಕಿ ಎತ್ತಿಟ್ವಿ. ಪೇಪರ್ ಐಟಂಗಳಿಗೆ ಕಿಟಕಿ ಬಿಸಿಲು ಬೀಳಬಾರದು, ಸೆಲ್ಲೋಟೇಪ್ ಅಂತೂ ಮುಟ್ಟಿಸಲೇಬಾರದು. ತೀರಾ ಹಳೇದಾಗಿದ್ರೆ ಕಲರ್ ಜೆರಾಕ್ಸ್ ಇಟ್ಟು ಒರಿಜಿನಲ್ ವಾಪಸ್ ಕೊಟ್ವಿ. ಪ್ರತಿ ವಸ್ತುಗೂ ಫೋಟೋ ತೆಗೆದು ರಶೀದಿ ಬರೆದುಕೊಡಿ, ಎಷ್ಟೇ ಪರಿಚಯದವರಾದ್ರೂ.

ಕೊನೇ ಗೋಡೆ ಮೊದಲ ಚುನಾವಣೆಗೆ ಮೀಸಲು, ನನಗೆ ತುಂಬಾ ಇಷ್ಟದ ಗೋಡೆ. 1951-52ರಲ್ಲಿ ಹೆಚ್ಚೂಕಮ್ಮಿ 17 ಕೋಟಿ ಮತದಾರರು, ಬಹುಪಾಲು ಜನಕ್ಕೆ ಓದೋಕೆ ಬರ್ತಿರಲಿಲ್ಲ, ಅದಕ್ಕೆ ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ತೊಂಬತ್ತು ದಾಟಿದ ಒಬ್ಬ ಅಜ್ಜಿ ಫೋನ್ ರೆಕಾರ್ಡಿಂಗ್‌ನಲ್ಲಿ "ಜೋಡೆತ್ತಿನ ಪೆಟ್ಗೆ ಒಂದು, ಗುಡ್ಲು ಪೆಟ್ಗೆ ಒಂದು ಇತ್ತು ಕಣವ್ವ, ಯಾವುದಕ್ಕೆ ಹಾಕ್ದೆ ಅಂತ ನಮ್ಮ ಯಜಮಾನ್ರಿಗೂ ಯೋಳ್ನಿಲ್ಲ" ಅಂದ್ರು. ಆ ದನಿ ಹೆಡ್‌ಫೋನ್‌ನಲ್ಲಿ ಕೇಳೋ ಹಾಗೆ ಇಟ್ಟಿದೀವಿ. ಅದರ ಪಕ್ಕದ ಬೋರ್ಡಲ್ಲಿ ಇನ್ನೊಂದು ವಿಷಯ: ಉತ್ತರದ ಕಡೆ ಎಷ್ಟೋ ಹೆಂಗಸರು ಸ್ವಂತ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ಮಗಳು ಅಂತ ಬರೆಸಿದ್ದಕ್ಕೆ ಸುಮಾರು 28 ಲಕ್ಷ ಹೆಸರು ಪಟ್ಟಿಯಿಂದ ಬಿಟ್ಟುಹೋದವು. ಇದನ್ನ ಓದಿದ ಹುಡುಗೀರು ಅಜ್ಜಿ ದನೀನ ಇನ್ನೊಂದ್ಸಲ ಕೇಳ್ತಾರೆ.

ಸ್ಟೂಡೆಂಟ್ಸ್ ತಗಡಿನ ಡಬ್ಬಕ್ಕೆ ಚಿಹ್ನೆ ಬರೆದು ಪೆಟ್ಟಿಗೆ ಮಾಡಿದ್ರು, ಬಂದವರು ಚೀಟಿ ಹಾಕಬಹುದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರಿನ ಅರಗು-ಬಣ್ಣದ ಕಾರ್ಖಾನೆಯೇ 1962ರಿಂದ ದೇಶದ ಚುನಾವಣೆಗೆ ಅಳಿಸದ ಶಾಯಿ ಕೊಡ್ತಾ ಬಂದಿದೆ ಅನ್ನೋದನ್ನೂ ಅಲ್ಲೇ ಬರೆದ್ವಿ, ಬಂದವರು ತಮ್ಮ ಬೆರಳು ನೋಡಿಕೊಳ್ಳೋರು.

ಲೇಬಲ್ ನಾಲ್ಕೈದು ಸಾಲು ದಾಟಿದ್ರೆ ಯಾರೂ ಓದಲ್ಲ, ಅಕ್ಷರ ದಪ್ಪ ಇರಲಿ, ಹೈಸ್ಕೂಲ್ ಮಕ್ಕಳ ಕಣ್ಣಿನ ಮಟ್ಟಕ್ಕೆ ಹಾಕಿ. ರೂಮನ್ನ ಈಗ ಪರ್ಮನೆಂಟಾಗಿ ನಮಗೇ ಬಿಟ್ಟುಕೊಟ್ಟಿದಾರೆ. ಮುಂದಿನ ಕೆಲಸ 1956ರ ಏಕೀಕರಣದ ಗೋಡೆ, ಅದಕ್ಕೆ ರಾಯಚೂರು, ಕೊಪ್ಪಳ ಕಡೆಯ ಮನೆಗಳ ಫೋಟೋ, ಪತ್ರ ಬೇಕು. ನಿಮ್ಮ ಮನೇಲಿ ತೊಂಬತ್ತರ ಆಸುಪಾಸಿನ ಹಿರಿಯರು ಇದ್ರೆ ಮೊದಲ ಓಟು ಹಾಕಿದ್ದು ಹೇಗೆ ಅಂತ ಈ ವಾರಾನೇ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಹೆಸರು, ಊರು, ತಾರೀಖು ಫೈಲ್‌ಗೇ ಬರೆದಿಡಿ.